ನುಗ್ಗೇಹಳ್ಳಿಯ ಓದಿದ ಹಿರಿಯರು

ನನಗೆ ಕನ್ನಡ ಬರುತ್ತದೆ ಎಂಬ ವಿಷಯದಲ್ಲಿ ನನಗೆ ಎಂದೂ ಅನುಮಾನ ಇರಲಿಲ್ಲ. ನಾನು ಕಾರ್ಕಳದ ಕಡೆಯವನು. ಮನೆಯಲ್ಲಿ ತುಳು ಆಡಿದರೂ ಶಾಲೆಯಲ್ಲಿ ಪ್ರತಿವರ್ಷ ಕನ್ನಡದ ಬಹುಮಾನ ತೆಗೆದುಕೊಂಡವನು. ಹಳಗನ್ನಡದ ಪದ್ಯ ಕೊಟ್ಟರೆ ಕೂತಲ್ಲೇ ಅನ್ವಯ ಹೇಳುತ್ತಿದ್ದೆ. ಕನ್ನಡ ನಾಡು ಒಂದಾದ ಎರಡು ಮೂರು ವರ್ಷಕ್ಕೆ ಹಾಸನದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಹಂಗಾಮಿ ಉಪನ್ಯಾಸಕನಾಗಿ ಬಂದಿಳಿದಾಗ, "ಇಲ್ಲಿ ಭಾಷೆಯ ತೊಂದರೆಯಂತೂ ಇಲ್ಲ" ಎಂದು ಹೆಂಡತಿ ಸುಮತಿಗೆ ಧೈರ್ಯ ಹೇಳಿದವನು ನಾನೇ.

ನಮ್ಮ ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ತಿರುಮಲಾಚಾರ್. "ವಿದ್ಯೆ, ಆರೋಗ್ಯ ಮತ್ತು ಸಮಾಜ" ಎಂಬ ವಿಷಯದಲ್ಲಿ ಅವರು ದೊಡ್ಡ ಸಂಶೋಧನೆಗೆ ಕೈಹಾಕಿದ್ದರು. ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಫಾರಂ ತುಂಬಿಕೊಂಡು ಬರುವ ಸಮೀಕ್ಷೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ನನ್ನ ಪಾಲಿಗೆ ಬಂತು. ಕೆಲಸ ಚೆನ್ನಾಗಿ ಮುಗಿಸಿದರೆ ನನ್ನನ್ನು ಖಾಯಂ ಮಾಡಲು ಶಿಫಾರಸು ಬರೆಯುತ್ತೇನೆ ಎಂದಿದ್ದರು.

"ಒಂದು ಮಾತು," ಎಂದು ಹೊರಡುವಾಗ ಪ್ರೊಫೆಸರರು ಎಚ್ಚರಿಸಿದರು. "ಪುಸ್ತಕದ ಭಾಷೆಯಲ್ಲಿ ಕೇಳಬೇಡಿ. ಜನ ಹೆದರುತ್ತಾರೆ. ಅವರ ಹಾಗೆ ಮಾತಾಡಿ."

ಅವರ ಹಾಗೆ ಮಾತಾಡುವುದೆಂದರೆ ಕ್ರಿಯಾಪದದ ಬಾಲ ಕತ್ತರಿಸುವುದು, ಅಷ್ಟೇ ಎಂದು ನಾನು ತೀರ್ಮಾನಿಸಿದೆ. ಫಾರಮ್ಮಿನಲ್ಲಿ "ತಮ್ಮ ತಂದೆ, ತಾಯಿ, ಅಜ್ಜ, ಅಜ್ಜಿ, ಮುತ್ತಜ್ಜರು ಓದಿದವರೇ? ಎಲ್ಲಿ ಓದಿದರು? ಯಾವಾಗ?" ಎಂದಿತ್ತು. ನಾನು ಅದರ ಬಾಲ ಕತ್ತರಿಸಿಕೊಂಡು ನುಗ್ಗೇಹಳ್ಳಿಯಲ್ಲಿ ಇಳಿದೆ.

ಮೊದಲನೆಯ ಮನೆಯ ಜಗಲಿಯಲ್ಲಿ ನನ್ನ ವಯಸ್ಸಿನವನೇ ಒಬ್ಬ ಹಗ್ಗ ಹೊಸೆಯುತ್ತಿದ್ದ.

"ನಿಮ್ಮಜ್ಜ ಓದ್ರಾ?" ಎಂದು ಕೇಳಿದೆ.

ಅವನು ಒಂದು ಗಳಿಗೆ ನನ್ನ ಮುಖ ನೋಡಿ, "ಓದ್ರು ಸಾ," ಎಂದ.

"ಎಲ್ಲಿ?"

"ಊರಾಚೆ ಗುಡ್ಲಲ್ಲಿ."

"ಯಾವಾಗ?"

"ಪಿಳೇಗು ಬಂದಿದ್ ವರ್ಸ ಕಣ್ ಸಾ. ಅಜ್ಜಿನೂ ಅಲ್ಲೇ ಓದ್ಲಂತೆ. ಎಂಟು ದಿನದ ಅಂತರ, ಅಷ್ಟೆ."

ಗಂಡ ಹೆಂಡತಿ ಎಂಟು ದಿನದ ಅಂತರದಲ್ಲಿ ಗುಡಿಸಲಿನಲ್ಲಿ ಕೂತು ವಿದ್ಯೆ ಕಲಿತದ್ದು ನನಗೆ ಬಹಳ ಹಿಡಿಸಿತು. ಫಾರಮ್ಮಿನ ಅಂಚಿನಲ್ಲಿ "ದಾಂಪತ್ಯ ಮತ್ತು ವಿದ್ಯೆ: ಪರಸ್ಪರ ಪ್ರೇರಣೆ" ಎಂದು ಟಿಪ್ಪಣಿ ಬರೆದುಕೊಂಡೆ.

"ಮತ್ತೆ ನಿಮ್ಮಪ್ಪ ಓದ್ರಾ?"

ಅವನು ಹಗ್ಗ ಬಿಟ್ಟು ಎದ್ದೇ ನಿಂತ. "ಬಿಡ್ತು ಅನ್ನಿ ಸಾ. ಗಟ್ಟಿಯಾಗವ್ರೆ. ಒಲದಲ್ಲವ್ರೆ."

ಓದು ಬಿಡ್ತು, ಈಗ ಹೊಲದಲ್ಲಿದ್ದಾರೆ ಎಂದು ಅರ್ಥಮಾಡಿಕೊಂಡೆ. "ಮಧ್ಯದಲ್ಲಿ ಓದು ಬಿಟ್ಟವರು" ಎಂಬ ಕಾಲಮ್ಮಿಗೆ ಗುರುತು ಹಾಕಿದೆ.

ಮನೆಮನೆಯಲ್ಲೂ ಹೀಗೇ. ಹಿರಿಯರನ್ನು ಕೇಳಿದರೆ ಓದ್ರು. ಈಗಿನವರನ್ನು ಕೇಳಿದರೆ ಬಿಡ್ತು. ಕೆಲವರಿಗೆ ಅಜ್ಜಿಯ ಓದಿನ ಮಾತು ಬಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. ವಿದ್ಯೆಯ ಮೇಲೆ ಇವರಿಗೆ ಎಂಥ ಭಕ್ತಿ ಎಂದುಕೊಂಡೆ.

ಕೊನೆಯ ಮನೆ ತಾಯಮ್ಮನವರದು. ಐವತ್ತು ದಾಟಿದ ಹೆಂಗಸು, ಗಂಡನ ಜೊತೆ ಬೇಸಾಯ. ಅವರ ತಾಯಿಯ ವಿಷಯ ಕೇಳಿದೆ.

"ಓದ್ಲು ಸಾ. ನಾನಾಗ ಕೂಸು," ಎಂದರು.

"ಎಲ್ಲಿ?"

"ಗುಡ್ಲಲ್ಲೇ."

ಅವರಿಗೆ ಮಾತ್ರ ನನ್ನನ್ನೂ ಒಂದು ಪ್ರಶ್ನೆ ಕೇಳುವುದಿತ್ತು. "ನಮ್ಮೂರಿಗೆ ದೊಡ್ಡೋರಿಗೆ ಅಕ್ಸರ ಕಲ್ಸೋ ಕ್ಲಾಸು ಬತ್ತದೆ ಅಂದವ್ರೆ. ಯಾವಾಗ ಸಾ? ಒಳೆನರಸೀಪುರಕ್ಕೆ ಕೊಟ್ಟಿರೋ ಮಗಳು ಕಾಗದ ಬರೀತಾಳೆ. ಪಕ್ಕದ್ಮನೆಯೋರ ಕೈಲಿ ಓದಿಸ್ಬೇಕು. ಅವ್ರು ಓದ್ತಾರೆ ಅಂತ ಗೊತ್ತಿದ್ದೂ ಅವ್ಳು ಮನಸಲ್ಲಿರೋದ್ನ ಎಂಗೆ ಬರೆದಾಳು?"

ಶೀಘ್ರದಲ್ಲೇ ಬರುತ್ತದೆ ಎಂದು ಆಶ್ವಾಸನೆ ಕೊಟ್ಟು ಬಸ್ಸು ಹತ್ತಿದೆ.

ಲೆಕ್ಕ ಹಾಕಿ ನೋಡಿದಾಗ ನನಗೇ ಮೈ ಜುಮ್ಮೆಂದಿತು. ನುಗ್ಗೇಹಳ್ಳಿಯಲ್ಲಿ ತಲೆಮಾರು ಹಳೆಯದಾದಷ್ಟೂ ವಿದ್ಯಾವಂತರು ಹೆಚ್ಚು. ಮುತ್ತಜ್ಜರ ಕಾಲದಲ್ಲಿ ಅನಕ್ಷರಸ್ಥನೇ ಇಲ್ಲ. ಸುಮತಿಗೆ ಓದಿ ಹೇಳಿದೆ.

"ಇದೆಂತ ಮಾರಾಯ್ರೆ," ಎಂದು ಅವಳು ದೋಸೆ ಮಗುಚುತ್ತ ಕೇಳಿದಳು. "ಅಷ್ಟು ಓದಿದವರ ಮೊಮ್ಮಕ್ಕಳು ನಿಮ್ಮ ಫಾರಮ್ಮಿಗೆ ಹೆಬ್ಬೆಟ್ಟು ಒತ್ತುವುದು ಹೇಗೆ?"

"ಅದೇ ಸಂಶೋಧನೆ. ನಿನಗೆ ತಿಳಿಯುವುದಿಲ್ಲ," ಎಂದೆ. ಆ ಮಾತನ್ನು ನಾನು ಆಡಬಾರದಿತ್ತು.

ಪ್ರೊಫೆಸರ್ ತಿರುಮಲಾಚಾರ್ ನನ್ನ ಪಟ್ಟಿ ನೋಡಿ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಪ್ಲೇಗಿನ ಕಾಲದಲ್ಲಿ ಊರು ಖಾಲಿ ಮಾಡಿ ಜನ ಹೊಲದ ಗುಡಿಸಲುಗಳಲ್ಲಿದ್ದರು, ಕೆಲಸವಿಲ್ಲ, ಆದ್ದರಿಂದ ಓದಲು ಕೂತರು. ರೋಗಕ್ಕೂ ವಿದ್ಯೆಗೂ ಹೀಗೊಂದು ಸಂಬಂಧವನ್ನು ಈವರೆಗೆ ಯಾರೂ ಕಂಡಿಲ್ಲ ಎಂದು ಅವರು ಒಂದೇ ವಾರದಲ್ಲಿ ದೊಡ್ಡ ಪ್ರಬಂಧ ಬರೆದರು. ಜಿಲ್ಲಾ ಕಚೇರಿಗೆ ಅದರ ಸಾರಾಂಶ ಹೋಯಿತು. ಕಾಲೇಜಿನಲ್ಲಿ ಸಭೆ ಗೊತ್ತಾಯಿತು. ಕಚೇರಿಯ ಸಾಹೇಬರೇ ಬರುವವರಿದ್ದರು. ಇಂಥ ವಿದ್ಯಾಪರಂಪರೆಯ ಊರಿಗೆ ವಯಸ್ಕರ ತರಗತಿ ಯಾಕೆ, ಅದನ್ನು ಅರಕಲಗೂಡಿನ ಕಡೆಗೆ ಕೊಡೋಣ ಎಂದು ಸಾಹೇಬರು ಯೋಚಿಸಿದ್ದಾರೆ, ಸಭೆಯಲ್ಲೇ ಆಜ್ಞೆಗೆ ಸಹಿ ಮಾಡುತ್ತಾರೆಂದು ತಿಳಿಯಿತು. ತಾಯಮ್ಮನ ನೆನಪಾಗಿ ಒಂದಿಷ್ಟು ಮನಸ್ಸು ಚುಚ್ಚಿತು. ಆದರೆ ಅಂಕಿ ಅಂಶದ ಮುಂದೆ ನಾನು ಯಾರು?

"ಆ ತಾಯಮ್ಮನ ತಾಯಿಯನ್ನು ಸಭೆಗೆ ಕರೆತನ್ನಿ," ಎಂದರು ಪ್ರೊಫೆಸರರು. "ಗುಡಿಸಲಿನಲ್ಲಿ ಓದಿದ ಹೆಣ್ಣುಮಗಳು. ಶಾಲು ಹೊದಿಸೋಣ. ವಯಸ್ಸಾಗಿರುತ್ತದೆ, ಜೋಪಾನ."

ಸಭೆ ಮಧ್ಯಾಹ್ನ ಮೂರಕ್ಕೆ. ಅಂದು ಮೊದಲ ಬಸ್ಸಿಗೇ ಹೊರಟೆ. ತಾಯಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದರು.

"ನಿಮ್ಮವ್ವನ್ನ ಹಾಸನಕ್ಕೆ ಕರೆದುಕೊಂಡು ಹೋಗಲು ಬಂದೆ," ಎಂದೆ.

ಮೊರ ಕೈಯಲ್ಲೇ ನಿಂತಿತು. "ಯಾರ್ನ?"

"ನಿಮ್ಮವ್ವನ್ನ. ಬಸ್ಸಿನ ತನಕ ಗಾಡಿ ಮಾಡೋಣ. ಅಲ್ಲಿ ಒರಗು ಕುರ್ಚಿ ಹಾಕಿಸಿದ್ದಾರೆ."

"ನಮ್ಮವ್ವ ಓದ್ಲು ಅಂತ ಅವತ್ತೇ ಏಳಿದ್ನಲ್ಲ ಸಾ."

"ಅದಕ್ಕೇ ಸನ್ಮಾನ."

"ಓದೋರಿಗೆ ಸನ್ಮಾನ ಮಾಡ್ತಾರಾ?"

"ಓದಿದವರಿಗಲ್ಲದೆ ಇನ್ಯಾರಿಗೆ ಮಾಡುತ್ತಾರೆ?"

ತಾಯಮ್ಮ ಮೊರ ಕೆಳಗಿಟ್ಟು "ಬನ್ನಿ" ಎಂದಷ್ಟೇ ಹೇಳಿ ಮುಂದೆ ನಡೆದರು. ಊರು ದಾಟಿ, ಹುರುಳಿ ಹೊಲ ದಾಟಿ, ಒಂದು ಹೊಂಗೆ ಮರದ ಕೆಳಗೆ ನಿಂತರು. ಅಲ್ಲಿ ಮೊಣಕಾಲೆತ್ತರದ ಒಂದು ಕಲ್ಲು ನೆಟ್ಟಿತ್ತು.

"ಗುಡ್ಲು ಇಲ್ಲಿತ್ತಂತೆ. ಅವ್ವ ಇಲ್ಲೇ ಓದ್ಲು. ನಾನು ಮೂರೊರ್ಸದ ಕೂಸು," ಎಂದರು. "ಕರ್ಕಂಡೋಗಂಗಿದ್ರೆ ಕರ್ಕಂಡೋಗಿ ಸಾ."

ಆಗ ನನಗೆ ಕನ್ನಡ ಬಂತು.

ಓದಿದಳು ಅಲ್ಲ, ಹೋದಳು. ಈ ಕಡೆಯ ಹಳ್ಳಿಗಳಲ್ಲಿ ಹೋಗು ಎಂಬುದು ಓಗು, ಹೋದರು ಎಂಬುದು ಓದ್ರು. ಹಕಾರ ಒಂದು ಬಿದ್ದುಹೋಗುತ್ತದೆ. ನಾನು ಮನೆಮನೆಗೂ ನುಗ್ಗಿ, ಬೆಳಗ್ಗೆ ಬೆಳಗ್ಗೆ, ನಿಮ್ಮ ಅಪ್ಪ ಸತ್ತರೇ, ಅಜ್ಜಿ ಸತ್ತರೇ, ಎಲ್ಲಿ ಸತ್ತರು ಎಂದು ಕೇಳಿಕೊಂಡು ಬಂದಿದ್ದೆ. ಅವರು ಪಾಪ, ಸರ್ಕಾರದ ಕೆಲಸವಿರಬೇಕೆಂದು ಉತ್ತರ ಕೊಟ್ಟಿದ್ದರು. ಒಂದು ಊರಿನ ಸತ್ತವರನ್ನೆಲ್ಲ ವಿದ್ಯಾವಂತರ ಪಟ್ಟಿಗೆ ಸೇರಿಸಿ, ಬದುಕಿದವರನ್ನು ಓದು ಬಿಟ್ಟವರೆಂದು ಬರೆದವನು ನಾನು. ಎಂಟು ದಿನದ ಅಂತರದಲ್ಲಿ ವಿದ್ಯೆ ಕಲಿತ ಆ ಗಂಡ ಹೆಂಡತಿ ನೆನಪಾದರು. ಬದುವಿನ ಮೇಲೆ ಕುಳಿತುಬಿಟ್ಟೆ.

ನಡೆದದ್ದನ್ನು ತಾಯಮ್ಮನಿಗೆ ತಪ್ಪು ಒಪ್ಪಿಕೊಂಡು ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಅಂಗಾರೆ ಕ್ಲಾಸು?" ಎಂದು ಕೇಳಿದರು.

"ಅರಕಲಗೂಡಿನ ಕಡೆಗೆ. ಇವತ್ತು ಮೂರು ಗಂಟೆಗೆ ಸಹಿ ಆಗುತ್ತದೆ."

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನಡೀರಿ, ನಾನೂ ಬತ್ತೀನಿ. ನೀವೊಬ್ರೇ ಓದ್ರೆ ಅಲ್ಲಿ ಇನ್ನೇನ್ ಏಳ್ಬುಡ್ತೀರೋ."

ಚನ್ನರಾಯಪಟ್ಟಣದಲ್ಲಿ ಹಾಸನದ ಬಸ್ಸು ನಮ್ಮ ಕಣ್ಣೆದುರಿಗೇ ಹೊರಟುಹೋಯಿತು. ಮುಂದಿನದಕ್ಕೆ ಒಂದೂವರೆ ಗಂಟೆ ಕಾದೆವು. ತಾಯಮ್ಮ ಮಡಿಲಿನಿಂದ ಕಡಲೆಕಾಯಿ ತೆಗೆದು ಕೊಟ್ಟರು. ಪ್ರೊಫೆಸರರಿಗೆ ಏನೆಂದು ಹೇಳುವುದು? ವಾಕ್ಯ ಕಟ್ಟಿಕೊಳ್ಳುತ್ತಿದ್ದೆ. "ಸರ್, ಅಂಕಿಗಳಲ್ಲಿ ಒಂದು ಸಣ್ಣ ವ್ಯತ್ಯಾಸ." ಸತ್ತವರಿಗೂ ಓದಿದವರಿಗೂ ಇರುವುದು ಸಣ್ಣ ವ್ಯತ್ಯಾಸವೇ? "ಸರ್, ಉಚ್ಚಾರಣೆಯ ದೋಷ." ಯಾರದ್ದು? ಬಸ್ಸು ಬಂದು, ಹಾಸನ ಹತ್ತಿರವಾದಷ್ಟೂ ನನ್ನ ವಾಕ್ಯಗಳು ಚಿಕ್ಕವಾಗುತ್ತ ಬಂದು, ಕೊನೆಗೆ "ಸರ್" ಎಂಬ ಒಂದು ಪದ ಮಾತ್ರ ಉಳಿಯಿತು.

ಸಭಾಂಗಣ ಸೇರಿದಾಗ ಮೂರು ದಾಟಿ ಹೋಗಿತ್ತು. ವೇದಿಕೆಯ ಮೇಲೆ ಸಾಹೇಬರು, ಪಕ್ಕದಲ್ಲಿ ಮಾತಾಡುತ್ತ ನಿಂತ ಪ್ರೊಫೆಸರರು, ಇನ್ನೊಂದು ಪಕ್ಕದಲ್ಲಿ ಖಾಲಿ ಒರಗು ಕುರ್ಚಿ. ಅದರ ಮೇಲೆ ಶಾಲು, ಹಾರ. ಸಾಹೇಬರ ಮುಂದೆ ಒಂದು ಕಾಗದ. ಅವರ ಕೈಯಲ್ಲಿ ಪೆನ್ನು.

ಪ್ರೊಫೆಸರರು ನನ್ನನ್ನು ನೋಡಿ, ಅಜ್ಜಿ ಎಲ್ಲಿ ಎಂದು ಹುಬ್ಬಿನಲ್ಲೇ ಕೇಳಿದರು. ವೇದಿಕೆ ಹತ್ತಲು ನನಗೆ ಧೈರ್ಯ ಬರಲಿಲ್ಲ. ತಾಯಮ್ಮನ ಜೊತೆ ಒಂದು ಬೆಂಚಿನಲ್ಲಿ ಕುಳಿತು, ಒಂದು ಚೀಟಿ ಬರೆದು ಜವಾನನ ಕೈಲಿ ಕಳಿಸಿದೆ: "ಸರ್, ಹಿರಿಯರೆಲ್ಲ ಹೋಗಿಬಿಟ್ಟಿದ್ದಾರೆ. ದಯವಿಟ್ಟು ನಿಲ್ಲಿಸಿ."

ಚೀಟಿ ಓದಿದ ಪ್ರೊಫೆಸರರ ಮುಖದಲ್ಲಿ ನಿರಾಶೆ ಕಂಡಿತು. ಸದ್ಯ, ತಿಳಿಯಿತು ಎಂದುಕೊಂಡೆ. ಅವರು ಸಭೆಯ ಕಡೆ ತಿರುಗಿದರು.

"ಒಂದು ವಿಷಾದದ ಸಂಗತಿ. ನುಗ್ಗೇಹಳ್ಳಿಯ ಆ ಓದಿದ ತಾಯಿ ಇಲ್ಲಿಯವರೆಗೆ ಬಂದಿದ್ದರಂತೆ. ಸಭೆ ತಡವಾಯಿತೆಂದು ಹೋಗಿಬಿಟ್ಟರಂತೆ."

ಸಾಹೇಬರು ಪಾಪ ಎನ್ನುವಂತೆ ತಲೆಯಾಡಿಸಿ, ಪೆನ್ನಿನ ಮುಚ್ಚಳ ತೆಗೆದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ತಾಯಮ್ಮ ಎದ್ದು ನಿಂತಿದ್ದರು.

"ನಮ್ಮವ್ವ ಬಂದಿತ್ತಾ ಸಾ?" ಎಂದು ಕೇಳಿದರು. ಜೋರಾಗಿ ಕೇಳಲಿಲ್ಲ. ಆದರೂ ಇಡೀ ಸಭೆಗೆ ಕೇಳಿಸಿತು. "ಎತ್ಲಾಗೆ ಓಯ್ತು? ನಾನು ಅವ್ವನ ಮಕ ನೋಡಿದ್ ಗ್ಯಾಪಕಾನೇ ಇಲ್ಲ."

ಸಾಹೇಬರ ಪೆನ್ನು ನಿಂತಿತು. ಪ್ರೊಫೆಸರರು ತಾಯಮ್ಮನನ್ನು ನೋಡಿದರು, ಚೀಟಿ ನೋಡಿದರು, ನನ್ನನ್ನು ನೋಡಿದರು. ಇನ್ನು ಹೇಳದಿದ್ದರೆ ನಾನು ಮನುಷ್ಯನಲ್ಲ ಎನ್ನಿಸಿತು. ಎದ್ದು ನಿಂತೆ. ಬಸ್ಸಿನಲ್ಲಿ ಕಟ್ಟಿದ ವಾಕ್ಯ ಒಂದೂ ನೆನಪಿಗೆ ಬರಲಿಲ್ಲ.

"ಅವರು ಓದಿಲ್ಲ ಸರ್. ತೀರಿಕೊಂಡಿದ್ದಾರೆ. ಎಲ್ಲರೂ," ಎಂದೆ. "ನುಗ್ಗೇಹಳ್ಳಿಯಲ್ಲಿ ನಾನು ಎಣಿಸಿ ತಂದದ್ದು ವಿದ್ಯಾವಂತರನ್ನಲ್ಲ. ಸತ್ತವರನ್ನು. ಅವರು ಓದ್ರು ಅಂದರು, ನಾನು ಓದಿದರು ಎಂದು ಬರೆದೆ."

ಸಭೆಯಲ್ಲಿ ಮೊದಲು ಅರ್ಥವಾದದ್ದು ಹಿಂದಿನ ಸಾಲಿನಲ್ಲಿದ್ದ ಹಳ್ಳಿಯ ಹುಡುಗರಿಗೆ. ಅವರು ನಗಲು ಶುರುಮಾಡಿ, ತಾಯಮ್ಮ ತಿರುಗಿ ನೋಡಿದ ಕೂಡಲೇ ಸುಮ್ಮನಾದರು. ಪ್ರೊಫೆಸರರು ತಮ್ಮ ಪ್ರಬಂಧದ ಹಾಳೆಗಳನ್ನು ನಿಧಾನವಾಗಿ ಜೋಡಿಸಿ, ಎಡಗಡೆಯ ಮೂಲೆ ಸರಿಮಾಡಿ, ಕುಳಿತರು. ನನಗೆ ಅವರು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಸಾಹೇಬರು ತಾಯಮ್ಮನನ್ನು ವೇದಿಕೆಗೆ ಕರೆದರು. "ನಿಮಗೆ ಓದು ಬರುತ್ತದೆಯೇನಮ್ಮ?"

"ಬಂದಿದ್ರೆ ಮಗಳ ಕಾಗದ ಬ್ಯಾರೆಯೋರ ಕೈಲಿ ಓದಿಸ್ತಿದ್ನಾ ಬುದ್ಧಿ? ನಮ್ಮ ಕ್ಲಾಸು ನಮ್ಗಿರ್ಲಿ. ಅರಕಲಗೂಡೋರಿಗೆ ಇನ್ನೊಂದು ಕೊಡಿ."

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ, ಆ ಕಾಗದವನ್ನು ಎರಡಾಗಿ ಮಡಿಸಿ ಜೇಬಿಗಿಟ್ಟರು. ಶಾಲು ಏನು ಮಾಡುವುದೆಂದು ಯಾರಿಗೂ ತಿಳಿಯದೆ, ಕೊನೆಗೆ ಅವರೇ ತಾಯಮ್ಮನಿಗೆ ಹೊದಿಸಿದರು. ತಾಯಮ್ಮ ಅದನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಐದು ಗಂಟೆಯ ಬಸ್ಸಿಗೆ ಊರಿಗೆ ಹೋದರು.

ಮನೆಗೆ ಬಂದು ಸುಮತಿಗೆ ಹೇಳಿದೆ. ಅವಳು ನಗದಿರಲು ಬಹಳ ಕಷ್ಟಪಟ್ಟಳು.

"ಸೊಪ್ಪಿನವಳು ದಿನಾ 'ನಿನ್ನೆ ಸಂತೆಗೆ ಓದೆ, ತ್ವಾಟಕ್ಕೆ ಓದೆ' ಅಂತ ಹೇಳುತ್ತಾಳೆ. ಅವಳು ಸಂತೆಯಲ್ಲಿ ಪುಸ್ತಕ ಓದುತ್ತಾಳೆ ಅಂತ ನನಗೆ ಒಂದು ದಿನವೂ ಅನಿಸಲಿಲ್ಲ," ಎಂದಳು. "ನನ್ನ ಹತ್ತಿರ ಒಂದು ಮಾತು ಕೇಳಬಾರದಿತ್ತಾ ಮಾರಾಯ್ರೆ?"

ನುಗ್ಗೇಹಳ್ಳಿಗೆ ಮರುಸಮೀಕ್ಷೆಗೆ ಆ ಕಡೆಯವರೇ ಆದ ಬೇರೊಬ್ಬರು ಹೋದರು. ಅವರು ತಂದ ಫಲಿತಾಂಶ ಎಷ್ಟು ಸಾಧಾರಣವಾಗಿತ್ತೆಂದರೆ ಅದಕ್ಕೆ ಯಾರೂ ಸಭೆ ಕರೆಯಲಿಲ್ಲ. ಪ್ರೊಫೆಸರರು ನನ್ನ ಬಗ್ಗೆ ಬರೆಯುತ್ತೇನೆಂದಿದ್ದ ಶಿಫಾರಸನ್ನು ಮಾತಿಗೆ ತಪ್ಪದೆ ಬರೆದರು. "ಶ್ರದ್ಧಾವಂತರು, ಪ್ರಾಮಾಣಿಕರು. ಜನರೊಡನೆ ಮಾತಾಡುವ ಕೆಲಸಕ್ಕೆ ಯೋಗ್ಯರಲ್ಲ" ಎಂದಿತ್ತು. ಅದನ್ನು ಓದಿದ ಪ್ರಿನ್ಸಿಪಾಲರು ನನಗೆ ಕಾಲೇಜಿನ ಗ್ರಂಥಾಲಯದ ಉಸ್ತುವಾರಿ ವಹಿಸಿದರು. ಅಲ್ಲಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ "ಮೌನವಾಗಿರಿ" ಎಂದು ಬರೆದಿತ್ತು. ಹಾಸನಕ್ಕೆ ಬಂದ ಮೇಲೆ ಕನ್ನಡದಲ್ಲಿ ನನಗೆ ಮೊದಲ ಸಲಕ್ಕೇ ಸರಿಯಾಗಿ ಅರ್ಥವಾದ ವಾಕ್ಯ ಅದೊಂದೇ.