ನಮ್ಮ ಏಸಿಯನ್ನು ಸದ್ದಿಲ್ಲದೆ ಹೊರಡಿಸಿದ ಮಾನ್ಯ ಡಬ್ಬಿಗೆ

ಇವರಿಗೆ,
ಸನ್ಮಾನ್ಯ ಸಾಫ್ಟ್ ಸ್ಟಾರ್ಟರ್ ಅವರು, ಕಂಪ್ರೆಸರನ್ನು ಮೆಲ್ಲಗೆ ಹೊರಡಿಸುವ ಅಧಿಕಾರಿಗಳು,
ಏಸಿಯ ಹೊರಗಿನ ಯಂತ್ರದ ಬಲಮಗ್ಗುಲು, ನಾಲ್ಕು ಸ್ಕ್ರೂಗಳ ಆಧಾರ,
ಚಂದಯ್ಯನವರ ಮನೆಯ ಪಡುಗೋಡೆ, ನಾವುಂದ, ಬೈಂದೂರು ತಾಲ್ಲೂಕು.

ಮಾನ್ಯರೇ,

ಮೇ ತಿಂಗಳ ಪಡುವಣ ಬಿಸಿಲನ್ನು ನೇರ ಮುಖಕ್ಕೇ ತೆಗೆದುಕೊಂಡೂ ಕಾವೇರದೆ, ಹಸಿರು ದೀಪವೊಂದನ್ನು ಹಣೆಗಿಟ್ಟುಕೊಂಡು ಅಹರ್ನಿಶಿ ಕರ್ತವ್ಯನಿರತರಾಗಿದ್ದ ತಮಗೆ ಈ ಮನೆಯ ಮಗಳು ಶರಣ್ಯಾ ಸಲ್ಲಿಸುವ ಸವಿನಯ ವಂದನೆಗಳು. ತಮ್ಮ ಕ್ಷೇಮವನ್ನು ವಿಚಾರಿಸುವ ಉಪಚಾರಕ್ಕೆ ನಾನು ಹೋಗುವುದಿಲ್ಲ, ಏಕೆಂದರೆ ನಿನ್ನೆ ತಾನೇ ಮೀಟರು ಹಿಡಿದು ತಮ್ಮ ನಾಡಿ ನೋಡಿದ್ದೇನೆ. ತಾವು ಸಂಪೂರ್ಣ ಕ್ಷೇಮ. ಅದೇ ನನ್ನ ದೂರು.

ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗಿನ ಎಂಟು ಸೆಮಿಸ್ಟರುಗಳಲ್ಲಿ ಎಂಟರಲ್ಲೂ ತರಗತಿಗೆ ಮೊದಲಿಗಳು. ಇದನ್ನು ಜಂಭಕ್ಕಾಗಿ ಹೇಳುತ್ತಿಲ್ಲ, ಹೇಳಿದರೂ ತಪ್ಪಿಲ್ಲ. ತಮ್ಮ ವಿರುದ್ಧ ದೂರುತ್ತಿರುವವಳು ವೋಲ್ಟಿಗೂ ವಾಟಿಗೂ ವ್ಯತ್ಯಾಸ ತಿಳಿಯದವಳಲ್ಲ ಎಂಬುದು ದಾಖಲಾಗಲಿ ಎಂದಷ್ಟೇ ನನ್ನ ಆಶಯ. ತಮ್ಮನ್ನು ಈ ಮನೆಗೆ ಶಿಫಾರಸು ಮಾಡಿ ಕರೆತಂದವಳೂ ನಾನೇ ಆಗಿರುವುದರಿಂದ, ದೂರುವ ಹಕ್ಕಿನಲ್ಲಿಯೂ ನಾನೇ ಮೊದಲಿಗಳು.

ತಾವು ಬರುವುದಕ್ಕೆ ಮೊದಲಿನ ಸ್ಥಿತಿಗತಿಯನ್ನು ತಮ್ಮ ಅವಗಾಹನೆಗೆ ತರಬೇಕಾಗಿದೆ. ಕರೆಂಟಿನ ಲೈನು ಮುಗಿಯುವ ಕೊನೆಯ ಎರಡು ಮನೆಗಳಲ್ಲಿ ನಮ್ಮದೊಂದು. ಬೇಸಿಗೆಯ ಮಧ್ಯಾಹ್ನ ಊರಿನ ತೋಟದ ಪಂಪುಗಳೆಲ್ಲ ಕುಡಿದು ಬಿಟ್ಟ ತಳದ ಗುಟುಕೇ ನಮ್ಮ ಪಾಲಿನ ಕರೆಂಟು. ಏಸಿಯ ಕಂಪ್ರೆಸರಾದರೋ ಒಮ್ಮೆ ಓಡತೊಡಗಿದರೆ ಬಹಳ ಸಭ್ಯ, ಹೊರಡುವ ಆ ಒಂದು ಗಳಿಗೆಯಲ್ಲಿ ಮಾತ್ರ ಐದು ಪಟ್ಟು ಕರೆಂಟನ್ನು ಒಮ್ಮೆಗೇ ಬಾಚಿಕೊಳ್ಳುವ ಹೊಟ್ಟೆಬಾಕ. ಅದು ಹೊರಟಿತೆಂದರೆ ಎರಡೂ ಮನೆಗಳ ಬಲ್ಬು ಕಣ್ಣು ಮುಚ್ಚಿ ತೆರೆಯುತ್ತಿತ್ತು, ಪಕ್ಕದ ಮನೆಯ ಮೀನಿನ ಫ್ರೀಜರ್ ನರಳಿ ನಿಲ್ಲುತ್ತಿತ್ತು. ಅಲ್ಲಿ ನೀರಿನ ಪಂಪು ನಡೆಯುತ್ತಿದ್ದರಂತೂ ನಮ್ಮ ಕಂಪ್ರೆಸರೇ ಹೂಂಕರಿಸಿ, ಹೊರಡಲಾರದೆ, ಮಲಗಿಬಿಡುತ್ತಿತ್ತು.

ನನ್ನ ಅಪ್ಪಯ್ಯ ಚಂದಯ್ಯನವರು ಇಪ್ಪತ್ತೆರಡು ವರ್ಷಗಳಿಂದ ಗಂಗೊಳ್ಳಿಯ ಐಸ್ ಪ್ಲಾಂಟೊಂದರಲ್ಲಿ ಆಪರೇಟರ್. ಬಂದರಿಗೆಲ್ಲ ತಂಪು ಹಂಚಿದವನು ಮನೆಯಲ್ಲಿ ಬೆವರುವುದು ಅವಮಾನವೆಂದು ಬಗೆದು, ನನ್ನ ಕೊನೆಯ ಫಲಿತಾಂಶವನ್ನು ನೆಪ ಮಾಡಿಕೊಂಡು ಅವರು ಈ ಏಸಿ ತಂದರು. ಅವರ ಪ್ಲಾಂಟಿನಲ್ಲಿ ಒಂದು ಪದ್ಧತಿಯಿದೆ: ದೊಡ್ಡ ಕಂಪ್ರೆಸರನ್ನು ಹೊರಡಿಸುವ ಮೊದಲು ಆಪರೇಟರ್ ಅಂಗಳಕ್ಕೆ ಬಂದು ಕೂಗಬೇಕು, ಐಸ್ ಪುಡಿ ಮಾಡುವ ಯಂತ್ರದವರೂ ಪಂಪಿನವರೂ ತಮ್ಮ ತಮ್ಮದನ್ನು ನಿಲ್ಲಿಸಿ ಮರುಕೂಗು ಹಾಕಬೇಕು, ಅದು ಕಿವಿಗೆ ಬಿದ್ದ ಮೇಲೆಯೇ ಸ್ವಿಚ್ಚಿಗೆ ಕೈ. ಈ ಶಾಸ್ತ್ರವನ್ನು ಅಪ್ಪಯ್ಯ ಒಂದಿನಿತೂ ಸಡಿಲಿಸದೆ ಮನೆಗೂ ತಂದರು. ತಾನಾಗಿ ನಿಂತು ತಾನಾಗಿ ಹೊರಡುವ ಯಂತ್ರವು ಅವರ ದೃಷ್ಟಿಯಲ್ಲಿ ಚುಕ್ಕಾಣಿ ಹಿಡಿಯುವವರಿಲ್ಲದ ದೋಣಿ. ಆದ್ದರಿಂದ ಏಸಿಯನ್ನು ಹದಿನಾರು ಡಿಗ್ರಿಗಿಟ್ಟು ಅದು ತಾನಾಗಿ ನಿಲ್ಲದಂತೆ ಮಾಡಿ, ಚಳಿಯಾದಾಗ ಕೈಯಾರೆ ಆರಿಸಿ, ಸೆಖೆಯಾದಾಗ ಮತ್ತೆ ಕೂಗಿ ಕೈಯಾರೆ ಹಾಕುವುದು ನಮ್ಮ ಮನೆಯ ಕಾನೂನಾಯಿತು. ಹೀಗೆ ಒಂದು ಮಧ್ಯಾಹ್ನಕ್ಕೆ ನಾಲ್ಕೈದು ಕೂಗು.

ಆ ಕೂಗು ತಲುಪಬೇಕಾದ ವಿಳಾಸವನ್ನು ಈಗ ಹೇಳುತ್ತೇನೆ. ಪಕ್ಕದ ಮನೆ ಜಲಜ ದೊಡ್ಡಮ್ಮನದು. ನನ್ನ ಅಮ್ಮ ಹರಿಣಾಕ್ಷಿಯ ಒಡಹುಟ್ಟಿದ ಅಕ್ಕ; ತಲೆಯ ಮೇಲೆ ಬುಟ್ಟಿ ಹೊತ್ತು, ಮೀನು ಮಾರಿ, ತಂಗಿಯನ್ನು ಸಾಕಿದವರು. ಅಜ್ಜಿಯ ಜಾಗದಲ್ಲಿ ಅಕ್ಕತಂಗಿಯರ ಎರಡು ಮನೆ, ನಡುವೆ ಎದೆಯೆತ್ತರದ ಗೋಡೆ. ಆರು ವರ್ಷದ ಕೆಳಗೆ ನಮ್ಮ ಹೊಸ ಮನೆಯ ಒಕ್ಕಲಿನ ದಿನ, ಭಟ್ಟರು ಹೋಮಕ್ಕೆ ಕುಳಿತ ಹೊತ್ತಿಗೆ ಸರಿಯಾಗಿ, ದೊಡ್ಡಮ್ಮ ಎಂದಿನಂತೆ ತಮ್ಮ ಅಂಗಳದಲ್ಲಿ ಒಣಮೀನಿನ ಚಾಪೆ ಬಿಡಿಸಿದರು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ನೆಂಟರೆದುರು ಅಮ್ಮ, “ಇವತ್ತಾರೂ ಆ ವಾಸ್ನಿ ಬ್ಯಾಡ ಇತ್ತ್” ಎಂದಳು. “ಆ ವಾಸ್ನಿಯಗೇ ನೀ ದೊಡ್ಡ ಆದ್ದ್” ಎಂದ ದೊಡ್ಡಮ್ಮ ಊಟಕ್ಕೆ ಕೂರದೆ ಎದ್ದು ಹೋದವರು, ಮತ್ತೆ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಅಕ್ಕತಂಗಿಯರ ನಡುವೆ ಮಾತೂ ಇರಲಿಲ್ಲ.

ಅಪ್ಪಯ್ಯ ಪಾಳಿಗೆ ಹೋದ ದಿನಗಳಲ್ಲಿ ಕೂಗುವ ಹೊಣೆ ಅಮ್ಮನ ಮೇಲೆ ಬಿತ್ತು. ಅಕ್ಕನನ್ನು ಕರೆಯುವಂತಿಲ್ಲ, ಕರೆಯದೆ ಯಂತ್ರವನ್ನು ಹೊರಡಿಸುವಂತಿಲ್ಲ. ಮೊದಲ ದಿನ ಅಮ್ಮ ತೆಂಗಿನ ಮರವೊಂದನ್ನು ನೋಡುತ್ತ, “ಹ್ವಾಯ್, ಇಲ್ಲ್ ಏಸಿ ಹಾಕ್ತ್ರ್” ಎಂದು ಯಾರದೋ ಮನೆಯ ಸುದ್ದಿ ಹೇಳಿದಂತೆ ಕೂಗಿದಳು. ಗೋಡೆಯಾಚೆಯಿಂದ, ಪ್ರಾಯಶಃ ಕಾಗೆಯೊಂದನ್ನು ಉದ್ದೇಶಿಸಿ, “ಹಾಕ್ಲಿ, ಇಲ್ಲ್ ಪಂಪ್ ಬಂದ್ ಆಯ್ತ್” ಎಂಬ ಮರುಕೂಗು ಬಂತು. ತೆಂಗಿಗೂ ಕಾಗೆಗೂ ನಡೆದ ಈ ಅಧಿಕೃತ ಪತ್ರವ್ಯವಹಾರ ಹದಿನೈದು ದಿನ ಸಾಗಿ, ಮೂರನೆಯ ವಾರದಲ್ಲಿ “ಹಾಕ್ಲಾ?” ಎಂದೂ, “ತಡಿ ಮಾರಾಯ್ತಿ, ಮಸಾಲಿ ಅರೀತಿದ್ದೆ, ಇನ್ನ್ ಎರಡ್ ಸುತ್ತ್ ಇತ್ತ್” ಎಂದೂ ರೂಪಾಂತರಗೊಂಡಿತು. ಅಲ್ಲಿಂದ ಮುಂದೆ ಮಸಾಲೆ ಯಾವ ಮೀನಿಗೆಂಬ ವಿಚಾರಣೆ, ಬಂಗ್ಡಿಯಾದರೆ ಹುಳಿ ಎಷ್ಟೆಂಬ ವಾದ, ಬೇಗ ಕೂಗಿದ ದಿನ “ಎಂತ, ತಲಿನೋವಾ?” ಎಂಬ ಅನುಮಾನ, ತಡವಾದ ದಿನ “ಇವತ್ತ್ ನಿಮ್ಗೆ ಸೆಖಿ ಇಲ್ಯಾ?” ಎಂಬ ಚುಚ್ಚು. ಒಂದೂವರೆ ಟನ್ನಿನ ಏಸಿ ಕೋಣೆಯನ್ನು ತಣ್ಣಗಾಗಿಸಿದ್ದು ದೊಡ್ಡ ಮಾತಲ್ಲ. ಗೋಡೆಯ ಎರಡೂ ಮಗ್ಗುಲನ್ನೂ ಅದು ತಕ್ಕಮಟ್ಟಿಗೆ ತಂಪು ಮಾಡಿತ್ತು.

ಏಪ್ರಿಲ್ ತಿಂಗಳ ಕೊನೆಯ ಶನಿವಾರ ದೊಡ್ಡಮ್ಮ, “ಅಷ್ಟೆಲ್ಲ ಕೂಗ್ತ್ರಿ, ಅದ್ರಗೆ ತಂಪ್ ಅಂಬ್ದ್ ಇತ್ತಾ?” ಎಂದು ಕೇಳಿದರು. ಅಮ್ಮ ಗೋಡೆಯ ಕಡೆಗೇ ತಿರುಗಿ, “ಬಂದ್ ಕಾಣ್” ಎಂದು ಕರೆದಳು. ಪಂಪು ನಿಂತಿದ್ದರಿಂದ ಉತ್ತರ ಸ್ಪಷ್ಟವಾಗಿಯೇ ಕೇಳಿಸಿತು: “ನಾಳಿ ಕಾಂಬ.” ಅಮ್ಮ ಆ ಸಂಜೆ ಏಸಿಯ ಕೋಣೆಯ ಹಾಸಿಗೆಗೆ ಹೊಸ ಹೊದಿಕೆ ಹಾಸಿದಳು.

ಆ ನಾಳೆಯ ಬೆಳಿಗ್ಗೆ, ಮಾನ್ಯರೇ, ಏಸಿ ಮೆಕ್ಯಾನಿಕ್ ಲೀಲಾಧರಣ್ಣನ ಬೈಕಿನ ಮೇಲೆ ತಾವು ದಯಮಾಡಿಸಿದಿರಿ.

ತಮ್ಮ ಪ್ರತಿಭೆಯನ್ನು ನಾನು ಅಲ್ಲಗಳೆಯಲಾರೆ. ತಮ್ಮನ್ನು ತರಿಸಲು ಎರಡು ವಾರ ಅಳತೆ ತೆಗೆದು ಏಳು ಪುಟದ ವರದಿ ಬರೆದವಳು ನಾನು. ತಾವು ಆ ವರದಿಯ ಒಂದು ಅಂಕಿಯನ್ನೂ ಸುಳ್ಳಾಗಿಸಲಿಲ್ಲ. ಹೊರಡುವಾಗ ಮೂವತ್ತನಾಲ್ಕು ಆಂಪಿಯರ್ ನುಂಗುತ್ತಿದ್ದ ಕಂಪ್ರೆಸರಿಗೆ ತಾವು ಹನ್ನೆರಡೇ ಆಂಪಿಯರನ್ನು ತುತ್ತುತುತ್ತಾಗಿ ಉಣಿಸಿ, ಹಸುಗೂಸನ್ನು ಕೈಹಿಡಿದು ನಡೆಸಿದಂತೆ ನಡೆಸಿದಿರಿ. ಬಲ್ಬು ರೆಪ್ಪೆ ಮಿಟುಕಿಸಲಿಲ್ಲ. ಎರಡೂವರೆಗೆ ಎಂದಿನಂತೆ ಕೂಗಲು ಬಾಯಿ ತೆರೆದ ಅಪ್ಪಯ್ಯನನ್ನು, “ಇನ್ನು ಅದರ ಅಗತ್ಯವಿಲ್ಲ” ಎಂದು ತಡೆದವಳೂ ನಾನೇ. ನನ್ನ ಕಣ್ಣು ಮೀಟರಿನ ಮೇಲಿತ್ತು. ಅಡುಗೆಮನೆಯಲ್ಲಿ ಬನ್ಸ್ ಕರಿಯುತ್ತ ಆ ಕೂಗಿಗಾಗಿಯೇ ಕಾದಿದ್ದ ಅಮ್ಮನ ಕಡೆ ತಿರುಗಿ ನೋಡುವ ವ್ಯವಧಾನ ನನಗಿರಲಿಲ್ಲ.

ಗೋಡೆಯಾಚೆ ದೊಡ್ಡಮ್ಮ ಬುಟ್ಟಿ ತೊಳೆದಿಟ್ಟು, ಸೀರೆ ಬದಲಿಸಿ, ಪಂಪು ನಿಲ್ಲಿಸಿ ಕುಳಿತಿದ್ದರಂತೆ. ಮೂರಾಯಿತು, ಕೂಗಿಲ್ಲ, ಏಸಿಯ ಹೊರಗಿನ ಫ್ಯಾನು ಮಾತ್ರ ತಿರುಗುತ್ತಿದೆ. ಮರುದಿನ ಅವರಲ್ಲಿ ಮೀನು ಕೊಳ್ಳಲು ಹೋದ ಲೀಲಾಧರಣ್ಣ ಕೇಳಿದ್ದನ್ನು ಹಾಗೆಯೇ ತಂದು ಒಪ್ಪಿಸಿದರು: “ನಿನ್ ದೊಡ್ಡಮ್ಮ ಹೇಳ್ತ್ರ್, ‘ನನ್ನ ಹಂಗ್ ಬ್ಯಾಡ ಅಂದೇಳಿ ಡಬ್ಬಿ ತಂದ್ ಹಾಕಂಡ್ರ್. ಬಾ ಅಂದ್ದೂ ಅವ್ರೇ, ಬಾಗ್ಲ್ ಹಾಕಂಡದ್ದೂ ಅವ್ರೇ’ ಅಂದೇಳಿ.”

ಹಾಗಾದರೆ ಸುಮ್ಮನೆ ಹೋಗಿ ಕೂಗಬಾರದೇ ಎಂದು ನಾನು ಅಮ್ಮನನ್ನು ಕೇಳಿದೆ. “ಎಂತ ಅಂದೇಳಿ ಕೂಗುದ್ ಹೆಣೆ? ಕೂಗುಕೆ ಒಂದ್ ಕಾರ್ಣ ಬ್ಯಾಡ್ದಾ?” ಎಂದಳು. ಎಂಟು ಸೆಮಿಸ್ಟರುಗಳ ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಈ ಪ್ರಶ್ನೆ ಬಂದಿರಲಿಲ್ಲ. ಅಂದಿನಿಂದ ಇಪ್ಪತ್ತೊಂದು ದಿನ ತಾವು ದೋಷರಹಿತವಾಗಿ ದುಡಿದಿರಿ, ಅಮ್ಮ ಒಂಟಿಯಾಗಿ ಆ ಹೊಸ ಹೊದಿಕೆಯ ಮೇಲೆ ಕುಳಿತು ಗೋಡೆ ನೋಡಿದಳು.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳನ್ನು ಮಂಡಿಸಿದ್ದೆ; ಪ್ರತಿ ಬೆಳಿಗ್ಗೆ ಗೋಡೆಯೆದುರು ನಿಂತು ನಾನು ಓದಿ ಹೇಳಿದ್ದು ತಮಗೆ ನೆನಪಿರಬಹುದು. ದಿನಕ್ಕೊಮ್ಮೆ, ಎರಡೂವರೆಗೆ, ಅರೆಕ್ಷಣದ ಮಟ್ಟಿಗೆ ತಮ್ಮ ದಕ್ಷತೆಗೆ ರಜೆ ಕೊಟ್ಟು ಪಕ್ಕದ ಮನೆಯ ಬಲ್ಬನ್ನು ಮಿಟುಕಿಸುವ ಕೃಪೆ ಮಾಡಬೇಕು ಎಂದು ಕೇಳಿದೆ. ಅದು ತಮ್ಮ ಘನತೆಗೆ ಕುಂದೆನಿಸಿದರೆ ತಾವೇ ಗೋಡೆ ದಾಟುವಷ್ಟು ಗಟ್ಟಿಯಾಗಿ “ಹ್ವಾಯ್” ಎನ್ನಬೇಕು, ಆದರೆ ಅಕ್ಕ ಎಂಬ ಪದವನ್ನು ಅಮ್ಮನಂತೆಯೇ ನುಂಗಿಕೊಳ್ಳಬೇಕು ಎಂದು ಕೇಳಿದೆ. ಸಿಡಿಲು, ನೆರೆ ಮತ್ತು ಇಲಿಗಳಿಂದಾಗುವ ಹಾನಿಗೆ ತಾವು ಜವಾಬ್ದಾರರಲ್ಲವೆಂದು ತಮ್ಮ ಗ್ಯಾರಂಟಿ ಕಾರ್ಡಿನಲ್ಲಿ ಬರೆದಿರುವ ಸಾಲಿಗೆ ಅಕ್ಕತಂಗಿಯರ ಮಾತನ್ನೂ ಸೇರಿಸಿದ್ದರೆ ಕೊಳ್ಳುವ ಮೊದಲೇ ನಾವು ಎಚ್ಚೆತ್ತುಕೊಳ್ಳುತ್ತಿದ್ದೆವಲ್ಲ ಎಂದೂ ನಿವೇದಿಸಿದೆ. ತಾವು ಹಸಿರು ದೀಪವನ್ನು ಒಮ್ಮೆ ಮಿನುಗಿಸಿದಿರಿ. ಎಲ್ಲವೂ ಸರಿಯಾಗಿದೆ ಎಂದು ಅದರ ಅರ್ಥವಂತೆ. ಕೈಪಿಡಿಯ ನಾಲ್ಕನೆಯ ಪುಟ.

ಅನ್ಯಮಾರ್ಗ ಕಾಣದೆ ಇಂದು ಭಾನುವಾರ ಮಧ್ಯಾಹ್ನ ಮೇನ್ ಸ್ವಿಚ್ ಆರಿಸಿ, ತಮ್ಮ ತಂತಿಗಳನ್ನು ಬಿಡಿಸಿ, ಕಂಪ್ರೆಸರನ್ನು ಹಳೆಯ ದಾರಿಗೇ ಸೇರಿಸಿದೆ. ಗೋಡೆಯಾಚೆ ಪಂಪಿನ ಸದ್ದು ಕೇಳುತ್ತಿದ್ದಂತೆಯೇ, ಯಾರಿಗೂ ಕೂಗದೆ, ನಾನೇ ಏಸಿ ಹಾಕಿದೆ. ಇದು ಯಾವ ಪಠ್ಯದಲ್ಲಿಯೂ ಸಮ್ಮತವಲ್ಲ. ಕಂಪ್ರೆಸರ್ ಹೂಂಕರಿಸಿತು, ಬಲ್ಬು ಮಂಕಾಯಿತು, ಆಚೆಯ ಪಂಪು ಗೊಗ್ಗರಿಸಿತು, ಫ್ರೀಜರ್ ನಿಂತಿತು. ಆಮೇಲೆ ಆರು ವರ್ಷಗಳಲ್ಲಿ ಮೊದಲ ಬಾರಿಗೆ ಆ ಗೋಡೆ ದಾಟಿ ನನ್ನ ಅಮ್ಮನ ಹೆಸರು ಬಂತು:

“ಹ್ವಾಯ್ ಹರಿಣಾಕ್ಷಿ! ಕೂಗುಕೆ ಬಾಯಿಲ್ಯಾ ನಿಂಗೆ?”

ಅಮ್ಮ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಓಡಿದಳು. ದಾರಿಯಲ್ಲಿ ನನ್ನನ್ನೂ, ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನೂ ಒಮ್ಮೆ ನೋಡಿದಳು, ನೋಡಿಯೇ ಹೇಳಿದಳು: “ಬಾಯಿತ್ತ್ ಅಕ್ಕ. ಆ ಡಬ್ಬಿ ಹಾಳಾಯ್ತ್.”

“ಹಾಳಾಪುದೇ ಅದ್. ಹಾಕ್ಸದ್ದ್ ಯಾರ್, ನಿನ್ ಇಂಜಿನಿಯರ್ ಮಗ್ಳ್ ಅಲ್ದಾ?”

“ಹೌದ್. ಓದದ್ದ್ ಅಷ್ಟೇ, ಕೆಲ್ಸ ಗೊತ್ತಿಲ್ಲೆ” ಎಂದಳು ನನ್ನ ಹೆತ್ತ ತಾಯಿ.

ಏಳು ಪುಟದ ವರದಿಯನ್ನೂ ಹನ್ನೆರಡು ಆಂಪಿಯರನ್ನೂ ಹಿಡಿದುಕೊಂಡು ಗೋಡೆಯ ಬಳಿಗೆ ಹೋಗಿ ಸತ್ಯವನ್ನು ಸಾಬೀತುಪಡಿಸುವ ಸಂಪೂರ್ಣ ಸಾಮರ್ಥ್ಯ ನನಗಿತ್ತು. ನಾನು ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಅಡಗಿಸಿಕೊಂಡು ತಲೆ ತಗ್ಗಿಸಿ ನಿಂತೆ. ಈ ಮನೆಯಲ್ಲಿ ತಮ್ಮ ಮಾನದ ಜೊತೆಗೆ ನನ್ನ ಮಾನವೂ ಹೋಯಿತೆಂಬುದನ್ನು ತಾವು ದಯವಿಟ್ಟು ಗಮನಿಸಬೇಕು. “ಬಾ ಅಕ್ಕ, ಕಾಂಬ ಅಂದಿದ್ಯಲ” ಎಂದು ಅಮ್ಮ ಗೇಟು ತೆರೆಯುವುದು ಕೇಳಿಸಿತು. ಆಚೆಯ ಪಂಪು ನಿಂತ ಮೇಲೆ ನಾನು ಏಸಿಯನ್ನು ಮತ್ತೆ ಹಾಕಿದೆ.

ದೊಡ್ಡಮ್ಮ ಒದ್ದೆ ಕಾಲಿನಲ್ಲಿಯೇ ಹೊಸ್ತಿಲು ದಾಟಿ ಬಂದು, ಹಾಸಿಗೆಯ ತುದಿಯಲ್ಲಿ ಐದು ನಿಮಿಷ ಕುಳಿತು, ಸೆರಗನ್ನು ಕಿವಿಯವರೆಗೆ ಎಳೆದುಕೊಂಡು ತೀರ್ಪು ಕೊಟ್ಟರು: “ಇದ್ ಮನಿ ಅಲ್ಲ ಮಾರಾಯ್ತಿ, ಐಸ್ ಪೆಟ್ಗಿ. ಇಲ್ಲ್ ಬಂಗ್ಡಿ ಇಟ್ರೆ ಎಂಟ್ ದಿನ ಕೆಡ.” ಅಮ್ಮ ನಕ್ಕು ಏಸಿ ಆರಿಸಿ ಕಿಟಕಿ ತೆರೆದಳು. ನಾನಿದನ್ನು ಬರೆಯುತ್ತಿರುವಾಗ ಇಬ್ಬರೂ ಒಳಗೆ ಬೆವರುತ್ತ ಕುಳಿತಿದ್ದಾರೆ, ಮಾತು ನಡೆದಿದೆ.

ತಮ್ಮ ಸಾಮರ್ಥ್ಯದಲ್ಲಿ ಎಳ್ಳಷ್ಟೂ ಸಂದೇಹವಿಲ್ಲದೆ ತಮ್ಮ ತಂತಿ ಬಿಡಿಸಿರುವ,
ತಮ್ಮ ವಿಶ್ವಾಸಿ,
ಶರಣ್ಯಾ

ಮರೆತ ಮಾತು: ದೊಡ್ಡಮ್ಮನ ಫ್ರೀಜರಿಗೆ ತಮ್ಮ ಬಂಧುವೊಬ್ಬರನ್ನು ಕರೆಸಿ ಕೂರಿಸಿದರೆ ಹೇಗೆಂದು ಲೀಲಾಧರಣ್ಣ ಯೋಚಿಸುತ್ತಿದ್ದಾರಂತೆ. ತಮ್ಮ ಕುಟುಂಬಕ್ಕೆ ಒಂದು ಮಾತು ತಿಳಿಸಿ: ಇಲ್ಲಿ ಗಾಳಿಗೆ ಉಪ್ಪು ಜಾಸ್ತಿ, ಹಲ್ಲಿಗಳು ಡಬ್ಬಿಯೊಳಗೇ ಸಂಸಾರ ಹೂಡುತ್ತವೆ, ಮತ್ತು ಗೋಡೆಯ ಈಚೆ ಸ್ಕ್ರೂಡ್ರೈವರ್ ಹಿಡಿದ ಒಬ್ಬಳಿದ್ದಾಳೆ.