ಸೈಕಲ್ ಇಲ್ಲದ ಮನೆಯಲ್ಲಿ ಹತ್ತು ಸೀಟು

ವಾರಕ್ಕೊಂದಾದರೂ ಫಜೀತಿ ಆಗದಿದ್ದರೆ ಓಣಿಯವರು ನನ್ನ ಆರೋಗ್ಯ ವಿಚಾರಿಸಲು ಬರುತ್ತಾರೆ. ಎಲ್ಲಕ್ಕೂ ಕಾರಣ ನನ್ನ ಹುಚ್ಚು. ಶಿವಬಸವ ನಗರದ ನಮ್ಮ ಮನೆಯ ಪಡಸಾಲೆ ಗೋಡೆಯ ಮೇಲೆ ಹಳೇ ಇಟಲಿ ರೇಸ್ ಸೈಕಲ್ಲುಗಳ ಹತ್ತು ಚರ್ಮದ ಸೀಟುಗಳಿವೆ. ಸೈಕಲ್ ಒಂದೂ ಇಲ್ಲ. ಸಣಕಲು ಮೈ, ಚೂಪು ಮೂತಿ, ಯಾರೋ ವರ್ಷಗಟ್ಟಲೆ ಬೆವರು ಸುರಿಸಿ ಮಾಗಿಸಿದ ಕಂದು ಬಣ್ಣ. ನೋಡುತ್ತಾ ಕೂತರೆ ನನಗೆ ಊಟ ಬೇಡ. ಅದರಲ್ಲೂ ತಾಮ್ರದ ಮೊಳೆಗಳ ಒಂದು ಸೀಟೆಂದರೆ ನನ್ನ ಪ್ರಾಣ.

ತಪಾಸಣೆ

ಎದುರು ಮನೆಯ ನಿವೃತ್ತ ಮಾಸ್ತರರ ಸೈಕಲ್ ಸೀಟನ್ನು ಯಾರೋ ಬಿಚ್ಚಿಕೊಂಡು ಹೋದರು. ಮಾಸ್ತರರು ಪೊಲೀಸರ ಹತ್ತಿರ ಹೋಗಲಿಲ್ಲ, ಸೀದಾ ನಮ್ಮ ಮನೆಗೆ ಬಂದರು.

"ಸುಮ್ಮನ ಚಾ ಕುಡ್ಯಾಕ ಬಂದೇನ್ರಿ," ಅಂದರು. ಕಣ್ಣು ಮಾತ್ರ ಗೋಡೆಯ ಮೇಲೆ.

ಚಹಾ ಮುಗಿದದ್ದೇ ಎದ್ದರು. ಸಂತೆಯಲ್ಲಿ ಬದನೆಕಾಯಿ ಒತ್ತಿದಂತೆ ಒಂದೊಂದೇ ಸೀಟನ್ನು ಒತ್ತಿ ನೋಡಿದರು. ತಾಮ್ರದ ಮೊಳೆಯದನ್ನು ಎಷ್ಟು ಜೋರಾಗಿ ಒತ್ತಿದರೆಂದರೆ ಒಂದು ಮೊಳೆ ಚಟ್ಟನೆ ಕಿತ್ತು ಬಂತು. ನನ್ನ ಜೀವವೂ ಅದರ ಜೊತೆ.

"ಇದರಾಗ ನಂದಿಲ್ರಿ. ನಿಮ್ಮ ಮ್ಯಾಲೆ ಸಂಶೆ ಪಟ್ಟೆ, ತಪ್ಪಾತು," ಅಂದರು. ಬಾಗಿಲ ತನಕ ಹೋಗಿ ತಿರುಗಿದರು. "ನಂದ ಸಿಗೂತನಾ ಒಂದ ಕೊಟ್ಟಿರ್ರಿ. ಹೆಂಗೂ ಹತ್ತ ಅದಾವಲ್ಲ."

ರಿಪೇರಿ

ಮೊಳೆ ಕಿತ್ತ ಸೀಟನ್ನು ಕೋಟೆಯ ಬಾಜುವಿನಲ್ಲಿ ಚಪ್ಪಲಿ ಹೊಲಿಯುವವರಿಗೆ ಕೊಟ್ಟೆ. "ಒಂದ ಮೊಳಿ ಬಡೀರಿ, ಅಷ್ಟ," ಅಂದಿದ್ದೆ. ಸಂಜೆ ಹೋದರೆ ನನ್ನ ಸೀಟಿಗೆ ಕೆಂಪು ರೆಕ್ಸಿನ್, ಒಳಗೆ ಸ್ಪಂಜು, ಸುತ್ತಲೂ ಬಂಗಾರದ ಬಣ್ಣದ ಜಾಲರಿ!

"ಪೂರಾ ಹಳೇದಾಗಿತ್ರಿ ಸಾಹೇಬ್ರ. ಎಲ್ಲಾ ಹೊಸಾದ ಮಾಡೇನಿ. ರೊಕ್ಕ ಮೊಳಿದಷ್ಟ ಕೊಡ್ರಿ."

ಎಂಥ ಒಳ್ಳೆಯ ಮನುಷ್ಯ. ಬೈಯಲೂ ಆಗಲಿಲ್ಲ. "ಹಳೇ ಚರ್ಮ?" ಅಂದೆ.

"ಒಗದಿಲ್ರಿ. ಸೀಟಿಗೆ ಹಳೇದು, ಚಪ್ಪಲಿಗೆ ಛಲೋ ಐತಿ," ಎಂದು ಕಾಲು ಮುಂದೆ ಚಾಚಿದರು. ಬಲಗಾಲ ಚಪ್ಪಲಿಯ ಮೇಲೆ ಇಟಲಿ ಕಂಪನಿಯ ಅಚ್ಚು ಮಿರಿಮಿರಿ ಮಿಂಚುತ್ತಿತ್ತು. ನನ್ನ ಕಣ್ಣು ತುಂಬಿ ಬಂತು. ಪಾಪ, ಅವರು ನನಗೆ ಆಸೆಯಾಗಿದೆ ಅಂದುಕೊಂಡರು.

"ನಿಮ್ಮ ಕಾಲಿನ ಅಳತಿ ಎಷ್ಟ್ರಿ?"

ಆಜಿಯ ಮಣೆ

ಅಂಥದೇ ಇನ್ನೊಂದು ಸಿಗದಿದ್ದರೆ ನನ್ನ ಬದುಕೇ ದಂಡ ಅನ್ನಿಸಿಬಿಟ್ಟಿತು. ಆಗ ಆಫೀಸಿನ ಗೆಳೆಯನೊಬ್ಬ ಸೀಟಿನ ಫೋಟೋ ನೋಡಿ, "ಖಾನಾಪುರದಾಗ ನಮ್ಮ ಆಜಿ ಕಡೆ ಇಂಥಾದ್ದ ಐತ್ರಿ, ಖರೇ," ಅಂದ. ಅವನ ಅಜ್ಜ ಹರೆಯದಲ್ಲಿ ಸೈಕಲ್ ರೇಸ್ ಹೊಡೆಯುತ್ತಿದ್ದರಂತೆ. ಭಾನುವಾರವೇ ಹೊರಟೆ. "ನಿಮ್ಮನ್ನ ಒಬ್ಬರನ್ನ ಬಿಟ್ಟರ ನಾಕ ತರ್ತೀರಿ," ಎಂದು ಹೆಂಡತಿಯೂ ಬಂದಳು.

ಸೀಟು ಇತ್ತು! ಅದೇ ತಾಮ್ರದ ಮೊಳೆ, ಅದೇ ಅಚ್ಚು. ಆದರೆ ಇದ್ದದ್ದು ಅಡುಗೆಮನೆಯಲ್ಲಿ, ಕಾಯಿ ತುರಿಯುವ ಈಳಗಿ ಮಣೆಯ ಮೇಲೆ, ಬೋಲ್ಟ್ ಹಾಕಿ ಕೂಡಿಸಿದ್ದು. ನಾನು ಕುಣಿಯುವುದೊಂದು ಬಾಕಿ.

"ಆಜಿ, ಇದು ರೇಸಿನ ಸೀಟ್ರಿ!"

"ಗೊತ್ತೈತಿ ಮಗಾ. ನಮ್ಮವರು ಇದರ ಮ್ಯಾಲೆ ಕುಂತಿದ್ದು ನಾಕ ವರ್ಷ. ನಾ ಕುಂತಿದ್ದು ನಲವತ್ತು. ಈಗ ನನ್ನ ಮೊಣಕಾಲ ಮಡಚೂದಿಲ್ಲ, ಬೇಕಾದ್ರ ಒಯ್ಯಿ. ಒಯ್ದ ಏನ ಮಾಡ್ತಿ?"

"ಗ್ವಾಡಿಗೆ ಹಾಕ್ತೇನ್ರಿ," ಅಂದೆ ಹೆಮ್ಮೆಯಿಂದ.

ಆಜಿ ಮುಖ ಗಂಟಿಕ್ಕಿದರು. "ಕುಂದ್ರೂದನ್ನ ಗ್ವಾಡಿಗೆ ಹಾಕ್ತಿ? ನಾಹೀ ದೇಣಾರ! ಕೊಡೂದಿಲ್ಲ!"

ಗೋಗರೆದೆ. ಕೊನೆಗೆ ಆಜಿ ತೆಂಗಿನ ಹೋಳೊಂದನ್ನು ಕೈಗಿತ್ತರು. "ಕುಂತ ತುರದ ತೋರ್ಸು." ಎರಡು ಸಲ ಉಜ್ಜುವುದರೊಳಗೆ ಹೋಳು ಜಾರಿ ಬೆಕ್ಕಿನ ಮೇಲೆ ಬಿತ್ತು. ಹೆಂಡತಿ ನನ್ನನ್ನು ಎಬ್ಬಿಸಿ ತಾನು ಕುಂತಳು. ಒಂದಲ್ಲ, ಮೂರು ಕಾಯಿ ತುರಿದಳು. ಏಳಲು ಒಲ್ಲಳು.

"ರೀ, ಬೆನ್ನ ನೋಯವಲ್ದರೀ!"

ಆಜಿ ಮಣೆ ಸಮೇತ ಸೀಟನ್ನು ಅವಳಿಗೇ ಕೊಟ್ಟರು, ಗೋಡೆಗೆ ಹಾಕುವುದಿಲ್ಲವೆಂದು ಆಣೆ ಮಾಡಿಸಿಕೊಂಡು.

ಈಗ ಅದು ನಮ್ಮ ಅಡುಗೆಮನೆಯಲ್ಲಿದೆ. ಬರಿಗೈಯಲ್ಲಿ ಹತ್ತಿರ ಹೋದರೆ ಹೆಂಡತಿ ಗದರುತ್ತಾಳೆ. ಕೈಯಲ್ಲಿ ಕಾಯಿ ಇದ್ದರೆ ಕೂರಲು ಬಿಡುತ್ತಾಳೆ. ಹೀಗಾಗಿ ದಿನಾ ಎರಡು ಕಾಯಿ ತುರಿಯುತ್ತೇನೆ, ಹಾಡಿಕೊಳ್ಳುತ್ತಾ. ಮೊನ್ನೆ ಅವಳು ಬಾಗಿಲಲ್ಲಿ ನಿಂತು ನನ್ನನ್ನೇ ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದಳು:

"ರೀ, ರೊಟ್ಟಿ ಬಡಿಯೂದಕ್ಕ ಇಟಲಿಯವರು ಏನರ ಮಾಡ್ಯಾರೇನ್ರಿ?"