ನಾನು ದೂಕ್ತೀನಿ ಅಂದದ್ದು

ಉಪದೇಶದ ಚಟ ಎಲೆಯಡಿಕೆಯ ಚಟಕ್ಕಿಂತ ಕೆಟ್ಟದ್ದು. ಎಲೆಯಡಿಕೆಗಾದರೆ ಉಗುಳಲು ಜಾಗ ಹುಡುಕಬೇಕು. ಉಪದೇಶಕ್ಕೆ ಅದೂ ಬೇಕಿಲ್ಲ. ಹೈದರಾಬಾದಿನ ಬಾಲಾನಗರದ ಸರಕಾರಿ ಕಾರ್ಖಾನೆಯಲ್ಲಿ 'ಹೆಲ್ಮೆಟ್ ಹಾಕ್ರಿ, ಕೈಗವಸು ಹಾಕ್ರಿ' ಎಂದು ಹೇಳುವುದೇ ನನ್ನ ಕೆಲಸ. ಹೀಗಾಗಿ ನಮ್ಮ ಅಪಾರ್ಟ್‌ಮೆಂಟಿನವರು ನನ್ನನ್ನು ಬಾಲ್ಕನಿ ಸುರಕ್ಷತಾ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದರು. ಅಲ್ಲಿ ನನ್ನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಸಾಫ್ಟ್‌ವೇರ್. ಅವರ ನಾಯಿಗಳು ಕೂಡ ನನ್ನ ಸ್ಕೂಟರ್ ನೋಡಿ ಬೊಗಳುತ್ತಿರಲಿಲ್ಲ. ಈ ಅಧ್ಯಕ್ಷಗಿರಿ ಬಂದ ಮೇಲೆಯೇ ನಾಲ್ಕು ಜನ ನನಗೆ 'ಸಾರ್' ಅನ್ನತೊಡಗಿದ್ದು. ಪ್ರತಿ ಸಭೆಯಲ್ಲೂ ಗಂಟಲು ಹರಿದುಕೊಂಡೆ: ರೇಲಿಂಗಿಗೆ ಒರಗಬೇಡಿ, ಬಾಲ್ಕನಿಯಲ್ಲಿ ಸ್ಟೂಲು ಇಡಬೇಡಿ.

ನಮ್ಮ ಬಾಲ್ಕನಿಯಲ್ಲೇ ಒಂದು ಸ್ಟೂಲಿತ್ತು. ಹೆಂಡತಿ ಶಾಂತಾ ಸೊಪ್ಪು ಸೋಸಲು ಅದರ ಮೇಲೆ ಕೂಡುತ್ತಾಳೆ. ನನ್ನ ಉಪದೇಶ ಊರಿಗೆಲ್ಲ ನಡೆದೀತು, ನನ್ನ ಮನೆಯಲ್ಲಿ ನಡೆಯುವುದಿಲ್ಲ.

ಮಳೆಗಾಲದ ಒಂದು ಭಾನುವಾರ ಒಣಗಿದ ಬಟ್ಟೆ ತರಲು ಬಾಲ್ಕನಿಗೆ ಹೋದೆ. ಗಾಳಿಗೆ ಬಾಗಿಲು ಧಡಾರನೆ ಬಡಿಯಿತು. ಮಳೆನೀರು ಕುಡಿದು ಉಬ್ಬಿದ ಕಟ್ಟಿಗೆ, ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತು. ಒಳಗಿನಿಂದ ಶಾಂತಾ ಜಗ್ಗಿದಳು, ಬರಲಿಲ್ಲ. ಮೇಲ್ತುದಿ ಹಿಡಿದಿದೆ ಎಂದು ಗೊತ್ತಾಗಿ, ಭುಜ ಕೊಡಲು ಸ್ಟೂಲು ಹತ್ತಿ ಕೂಗಿದೆ:

"ಏ ಶಾಂತಾ, ನೀ ಜಗ್ಗ! ನಾ ದೂಕ್ತೀನಿ!"

"ನಿಂದರ್ರಿ, ಒಲಿ ಮ್ಯಾಲ ಪಲ್ಯ ಐತಿ!"

"ಪಲ್ಯ ಸುಡುಗಾಡಿಗೆ ಹೋಗ್ಲಿ! ನಾ ದೂಕೇ ದೂಕ್ತೀನಿ!"

ನಮ್ಮ ಗದಗಿನ ಕಡೆ ದೂಕುವುದೆಂದರೆ ತಳ್ಳುವುದು. ತೆಲುಗಿನಲ್ಲಿ ದೂಕುವುದೆಂದರೆ ಹಾರುವುದು. ಹದಿನೈದು ವರ್ಷದಿಂದ ಹೈದರಾಬಾದಿನ ನೀರು ಕುಡಿದವನಿಗೆ ಇದು ಹೊಳೆಯಲೇ ಇಲ್ಲ ನೋಡಿ!

ಕೆಳಗೆ ಗದ್ದಲವೆದ್ದಿತು. "ವದ್ದು ಸಾರ್! ದೂಕೊದ್ದು!" ಬೇಡ ಸಾರ್, ಹಾರಬೇಡಿ ಅಂತ. ವಾಚ್‌ಮನ್ ಕಂಬಳಿ ಹಿಡಿದು ನಿಂತಿದ್ದ. ಯಾರೋ ಒಬ್ಬಾಕೆ ಲೊಚಗುಟ್ಟಿದಳು: "ಪಾಪಂ, ಸಾಫ್ಟ್‌ವೇರ್ ಕಾದಂಟ." ಪಾಪ, ಸಾಫ್ಟ್‌ವೇರ್ ಅಲ್ಲವಂತೆ! ಸಾಯಲು ಇಷ್ಟು ಕಾರಣ ಸಾಕೆಂದು ಇಡೀ ಕಟ್ಟಡ ಒಪ್ಪಿಕೊಂಡಿತು. ನನಗೆ ಮೈಯೆಲ್ಲ ಉರಿಯಿತು.

ಹುಡುಗರು ಮೇಲೆ ಓಡಿಬಂದು, ಒಳಗಿನಿಂದ ಬಾಗಿಲನ್ನೂ ನನ್ನನ್ನೂ ಒಟ್ಟಿಗೇ ಜಗ್ಗಿ ಹಾಕಿದರು. ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯವರು, ಮತ್ತೆ ಎಲ್ಲಿ ಹಾರುತ್ತೇನೋ ಎಂದು, ಹಿಡಿದ ನನ್ನ ಕೈ ಬಿಡಲೇ ಇಲ್ಲ. "ಕನ್ನಡದಲ್ಲಿ ಅದರ ಅರ್ಥ ಬೇರೆ" ಎಂದು ಬಿಡಿಸಿ ಹೇಳಿದೆ. ಜ್ವರ ಬಂದವನ ಮಾತಿಗೆ ಹೂಂಗುಟ್ಟುವಂತೆ ಹೂಂಗುಟ್ಟಿದರು. ಸಾಕ್ಷಿಗೆ ಶಾಂತಾಳನ್ನು ಕರೆದೆ. ಆಕೆ ಕಣ್ಣೊರೆಸಿಕೊಳ್ಳುತ್ತ, "ನಾ ನಿಂದರ್ರಿ ಅಂದ್ರೂ ಕೇಳಲಿಲ್ಲರಿ. ದೂಕ್ತೀನಿ, ದೂಕ್ತೀನಿ ಅಂತ ಒಂದ ಹಟಾ ಹಿಡದ್ರು" ಎಂದಳು. ಕಣ್ಣೀರು ಸೀದ ಪಲ್ಯದ ಹೊಗೆಯದ್ದು, ನಂಬುವವರು ಯಾರು?

ಅಧ್ಯಕ್ಷಗಿರಿ ಹೋಯಿತು. ಸಮಿತಿಯವರು ಬಹಳ ಅಂತಃಕರಣದಿಂದ ನಮ್ಮ ಬಾಲ್ಕನಿಯೊಂದಕ್ಕೇ ಕಬ್ಬಿಣದ ಜಾಲರಿ ಹಾಕಿಸಿದರು. ಬಾಗಿಲು ಇವತ್ತಿಗೂ ಸಿಕ್ಕಿಕೊಳ್ಳುತ್ತದೆ. ಜಾಲರಿಯೊಳಗೆ ನಿಂತು "ದೂಕ್ತೀನಿ!" ಎಂದು ಎಷ್ಟು ಕೂಗಿಕೊಂಡರೂ ಈಗ ಯಾರೂ ತಲೆಯೆತ್ತಿ ನೋಡುವುದಿಲ್ಲ, ಶಾಂತಾ ಕೂಡ ಪಲ್ಯ ಇಳಿಸಿಯೇ ಬರುತ್ತಾಳೆ.